ಸೀನು ಕೇಳಿಸಿಕೊಳ್ಳುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಹಿಂಬದಿಯ ಕಾರಿಡಾರಿನಲ್ಲಿ ಒಬ್ಬ ಹೆಂಗಸು ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಾರೆ. ಮೈಗೆ ನೀಲಿ ಗೌನು, ಮುಖಕ್ಕೆ ಬಿಗಿಯಾದ ಮಾಸ್ಕು, ಕೈಗೆ ಒಂದರ ಮೇಲೊಂದು ಗ್ಲೌಸು. ದಿನವೂ ಬಾಗಿಲು ತೆಗೆಯುವ ಮೊದಲು ಅವರು ಹೀಗೇ ನಿಲ್ಲುತ್ತಾರೆ. ಚಿಲಕದ ಸದ್ದಾದರೆ ಸಾಕು, ಒಳಗಿನ ಪ್ರಾಣಿಗಳು ಎದ್ದು ಕುಣಿಯತೊಡಗುತ್ತವೆ. ಆಮೇಲೆ ಏನೂ ಕೇಳಿಸದು. ಕೇಳಿಸಿಕೊಳ್ಳುವುದಿದ್ದರೆ ಅವು ಮಲಗಿರುವಾಗಲೇ.

ಇವತ್ತು ಅವರು ಬಾಗಿಲಿನಿಂದ ಕಿವಿ ತೆಗೆಯುತ್ತಿಲ್ಲ.

“ಸೀನ್ತು,” ಎನ್ನುತ್ತಾರೆ ಮೆಲ್ಲಗೆ. ತುಸು ತಡೆದು, “ಅಯ್ಯೋ, ಇನ್ನೊಂದೂ ಸೀನ್ತಲ್ಲಪ್ಪ.”

ಒಳಗಿರುವುದು ಹನ್ನೆರಡು ಫೆರೆಟ್‌ಗಳು. ಮುಂಗುಸಿಯಂಥ ಉದ್ದ ಮೈ, ಗಿಡ್ಡ ಕಾಲು, ಸದಾ ಏನನ್ನೋ ಮೂಸುವ ಗುಲಾಬಿ ಮೂಗು. ಮನುಷ್ಯರ ಫ್ಲೂ ಇವಕ್ಕೂ ನಮಗೆ ಹತ್ತಿದಂತೆಯೇ ಹತ್ತುತ್ತದೆ. ಇವನ್ನು ಸಾಕುವುದೇ ಅದಕ್ಕೆ. ಹೊಸ ವೈರಸ್ಸನ್ನು ಇವುಗಳ ಮೂಗಿಗೆ ಹನಿಸುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಇವುಗಳ ರಕ್ತದಲ್ಲಿ ಆ ವೈರಸ್ಸನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ತಯಾರಾಗಿರುತ್ತವೆ. ಅವನ್ನು ಬೇರೆ ಬೇರೆ ಕಡೆಯಿಂದ ಬಂದ ವೈರಸ್ಸುಗಳ ಮೇಲೆ ಬಿಟ್ಟು ನೋಡುತ್ತಾರೆ. ಹಿಡಿದುಕೊಂಡರೆ ಅದೇ ಹಳೇ ಕಳ್ಳ. ಹಿಡಿಯದೆ ಹೋದರೆ ಕಳ್ಳ ವೇಷ ಬದಲಿಸಿದ್ದಾನೆ. ಬರುವ ವರ್ಷದ ಲಸಿಕೆ ಯಾವುದಿರಬೇಕೆಂಬ ಮಾತು ಇಂಥ ಪರೀಕ್ಷೆಗಳಿಂದ ಶುರುವಾಗುತ್ತದೆ.

ಷರತ್ತು ಒಂದೇ. ಆ ಹನಿ ಬೀಳುವ ಮೊದಲು ಈ ಮೂಗುಗಳಿಗೆ ಬೇರೆ ಯಾವ ಫ್ಲೂ ಕೂಡ ತಾಗಿರಬಾರದು. ತಾಗಿದ್ದರೆ ರಕ್ತದಲ್ಲಿ ಎರಡು ಬಗೆಯ ಆಂಟಿಬಾಡಿ ಕಲಸಿಹೋಗುತ್ತವೆ, ಎರಡು ಬಣ್ಣ ಒಂದೇ ಬಕೆಟ್ಟಿಗೆ ಬಿದ್ದ ಹಾಗೆ. ನಾಡಿದ್ದು ಈ ಹಂಗಾಮಿನ ಹೊಸ ವೈರಸ್ಸನ್ನು ಹನಿಸುವ ದಿನ. ಇವತ್ತು ಫ್ಲೂ ಹೊಕ್ಕಿದ್ದರೆ ಹನ್ನೆರಡೂ ದಂಡ. ಬೇರೆ ತಂಡ ತರಿಸುವಷ್ಟರಲ್ಲಿ ಹಂಗಾಮೇ ಮುಗಿದಿರುತ್ತದೆ.

ಆ ಕೋಣೆಗೆ ಫ್ಲೂ ಹೊಕ್ಕರೆ ಮನುಷ್ಯರ ಉಸಿರಿನಲ್ಲೇ ಹೊಗಬೇಕು. ದಿನಕ್ಕೆ ಎರಡು ಹೊತ್ತು ಅಲ್ಲಿ ಉಸಿರಾಡುವವರು ಇವರು. ಇವರ ಮನೆಯಲ್ಲೋ, ಮೊಮ್ಮಗಳು ಜ್ವರ ಬಂದು ಮಲಗಿದ್ದಾಳೆ.

“ನಾನು ಬಾಯಿ ಬಿಡದಿದ್ರೆ ಇದು ಯಾರಿಗೂ ಗೊತ್ತಾಗಲ್ಲ, ಅಲ್ವಾ ತಮ್ಮ?” ಎಂದು, ಪೇಪರಿಗೆ ಬರೆಯಲು ಬಂದು ಪಕ್ಕದಲ್ಲಿ ನಿಂತಿರುವ ನನ್ನನ್ನು ಕೇಳುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ಗೋಡೆಯ ಫೋನು ಎತ್ತಿ ಪ್ರಾಣಿವೈದ್ಯೆಗೆ ಹೇಳಿಬಿಡುತ್ತಾರೆ.

ಕಟ್ಟಡದಲ್ಲಿ ಇವರನ್ನು ಎಲ್ಲರೂ ಕರೆಯುವುದು ಸೀನಕ್ಕ ಎಂದು. ಯಾರೇ ಸೀನಲಿ, ದೊಡ್ಡ ಸಾಹೇಬರೇ ಸೀನಲಿ, “ಆ ಕಡೆ ಹೋಗಿ, ಆ ಕಡೆ!” ಎಂದು ಗದರುತ್ತಾರೆ. ಗೇಟಿನ ವಾಚ್‌ಮನ್ ಇವರನ್ನು ಕಂಡರೆ, “ಬಂದ್ರಪ್ಪ, ಎಲ್ರೂ ಮೂಗು ಮುಚ್ಕೊಳಿ!” ಎಂದು ಕೂಗುತ್ತಾನೆ. “ನಿನ್ನ ಮೂಗಿಗೆ ಬೀಗ ಹಾಕ್ತೀನಿ ಇರು,” ಎಂದು ಇವರೂ ಬಿಡುವುದಿಲ್ಲ.

ಮೊದಲು ಇವರು ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದದ್ದೂ ಒಗೆಯುವುದಕ್ಕೇ. ಪಂಜರದೊಳಗೆ ತೂಗುಬಿಟ್ಟ, ಫೆರೆಟ್‌ಗಳು ಮಲಗುವ ಬಟ್ಟೆ ತೊಟ್ಟಿಲುಗಳನ್ನು ಒಗೆಯಬೇಕಿತ್ತು. ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಆಳು ಕಚ್ಚಿಸಿಕೊಂಡು ಓಡಿಹೋದ. “ಸ್ವಲ್ಪ ದಿನ ನೀವೇ ನೋಡ್ಕೊಳಿ” ಎಂದರು. ಆ ಸ್ವಲ್ಪ ದಿನದಲ್ಲಿ ಮಗಳ ಮದುವೆಯಾಯಿತು, ಮೊಮ್ಮಗಳು ಹುಟ್ಟಿದಳು. ಇವರು ಇವತ್ತಿಗೂ ಗುತ್ತಿಗೆಯ ಒಗೆಯುವ ಆಳು. ಬದಲಿಗೆ ಯಾರೂ ಇಲ್ಲ. ಆದರೆ ಇವರನ್ನು ಕಳಿಸಿದ ಗುತ್ತಿಗೆ ಏಜೆನ್ಸಿಗೆ ಇಲ್ಲಿಂದ ಒಂದು ಫೋನು ಹೋದರೆ ಕೆಲಸ ಇರುವುದಿಲ್ಲ. ಬೇಕಾದಾಗ ಇವರಿಲ್ಲದೆ ಆಗದು, ಬೇಡವಾದಾಗ ಇವರು ಯಾರೋ! ಇದಕ್ಕೆ ವ್ಯವಸ್ಥೆ ಅಂತ ಹೆಸರು ಬೇರೆ.

ಪ್ರಾಣಿವೈದ್ಯೆ ಓಡುತ್ತಲೇ ಬರುತ್ತಾರೆ. ಚಿಕ್ಕ ವಯಸ್ಸು, ಜಡೆ ಅರ್ಧಕ್ಕೇ ನಿಂತಿದೆ.

“ಅಕ್ಕ, ಮನೇಲಿ ಯಾರಿಗಾದ್ರೂ ಜ್ವರ ಇದ್ಯಾ?”

“ಮೊಮ್ಮಗಳಿಗೆ.”

“ಮತ್ತೆ ಒಳಗೆ ಯಾಕೆ ಹೋದ್ರಿ?”

“ನಿಮಗೆ ಸೋಮವಾರವೇ ಹೇಳಿದ್ನಲ್ಲ ಡಾಕ್ಟರಮ್ಮ. ಬೇರೆ ಯಾರೂ ಇಲ್ಲ, ಹುಷಾರಾಗಿರಿ ಅಂದ್ರಿ. ಹುಷಾರಾಗೇ ಇದೀನಿ. ಅವತ್ತಿಂದ ಮನೆಯೊಳಗೆ ಕಾಲಿಟ್ಟಿಲ್ಲ, ಹಿತ್ತಲ ಶೆಡ್ಡಲ್ಲೇ ಮಲಗ್ತಿದೀನಿ.”

ವೈದ್ಯೆ ತಲೆ ತಗ್ಗಿಸುತ್ತಾರೆ. ಹೇಳಿದ್ದು ನೆನಪಿದೆ. ಗೌನು ಏರಿಸಿ ಒಳಗೆ ಹೋಗಿ ಸೀನುತ್ತಿರುವ ಪ್ರಾಣಿಗಳ ಮೂಗಿಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ಸ್ಯಾಂಪಲ್ ತರುತ್ತಾರೆ. ಆಮೇಲೆ ಸೀನಕ್ಕನ ಮೂಗಿಗೂ ಒಂದು ಕಡ್ಡಿ. ಕೊಳವೆಗಳು ಮಹಡಿ ಹತ್ತುತ್ತವೆ. ಮಧ್ಯಾಹ್ನದವರೆಗೂ ಕಾಯಬೇಕು.

ಸೀನಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾರೆ. ತಂದ ಬುತ್ತಿಯ ಮುಚ್ಚಳ ತೆಗೆದು, ಹಾಗೇ ಮುಚ್ಚಿಡುತ್ತಾರೆ. ಮಗಳ ಫೋನು ಬರುತ್ತದೆ. ಆ ಕಡೆಯಿಂದ ಪುಟ್ಟ ದನಿಯೊಂದು ಕಿರುಚುವುದು ನನಗೂ ಕೇಳಿಸುತ್ತದೆ: “ಅಜ್ಜಿ ಜೊತೆ ಠೂ! ಅಜ್ಜಿ ನನ್ನ ಮುಟ್ಟಲ್ಲ!”

“ಠೂ ಬಿಟ್ಟಳಂತೆ,” ಎಂದು ಫೋನು ಇಡುತ್ತಾರೆ. “ಮಗು ಕೆಮ್ತಾ ಇದ್ರೆ ಕಿಟಕಿ ಆಚೆ ನಿಂತು ನೋಡೋ ಅಜ್ಜಿ ಯಾರಿಗೆ ಬೇಕು ಹೇಳು. ಇವಳಮ್ಮ ಚಿಕ್ಕೋಳಿದ್ದಾಗ್ಲೂ ಹೀಗೇ ಮಾಡ್ದೆ. ಅವಳು ಇನ್ನೂ ಅದನ್ನ ಎತ್ತಿ ಆಡ್ತಾಳೆ.”

ಫಲಿತಾಂಶ ಕೆಟ್ಟದಾಗಿ ಬಂದರೆ ಇವರ ಕೆಲಸ ಹೋಗುತ್ತದೆ. ಒಳಗಿನ ಹನ್ನೆರಡನ್ನೂ ಸೂಜಿ ಚುಚ್ಚಿ ಸಾಯಿಸುತ್ತಾರೆ. ಚೆನ್ನಾಗಿ ಬಂದರೂ ಅವು ಉಳಿಯುವುದಿಲ್ಲ. ಆಂಟಿಬಾಡಿ ತುಂಬಿದ ರಕ್ತವನ್ನು ಕೊನೆಗೆ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ, ಅವು ಮತ್ತೆ ಏಳುವುದಿಲ್ಲ. ಹಾಗಾದರೆ ಇಷ್ಟೊಂದು ಜೀವ ಹಿಡಿದುಕೊಂಡು ಕಾಯುವುದು ಯಾಕೆ ಎಂದು ಕೇಳಿಬಿಡುತ್ತೇನೆ.

ಸೀನಕ್ಕ ನನ್ನತ್ತ ತಿರುಗುತ್ತಾರೆ. ಕಣ್ಣಲ್ಲಿ ಸಿಟ್ಟಿದೆ. “ಹೋಗೋದು ಹೋಗ್ತವೆ, ನನಗೊತ್ತಿಲ್ವಾ? ಅದಕ್ಕೇ ನಾನು ಒಂದಕ್ಕೂ ಹೆಸರಿಡಲ್ಲ. ಆದ್ರೆ ದಂಡಕ್ಕೆ ಹೋಗ್ಬಾರ್ದು ತಮ್ಮ. ಅವುಗಳ ರಕ್ತದಿಂದ ಯಾವುದೋ ಮಗು ಜ್ವರದಿಂದ ಉಳಿಯತ್ತೆ ಅಂದ್ರೆ ಸರಿ. ನನ್ನ ಉಸಿರು ತಾಕಿ ಸುಮ್ಮನೆ ಸತ್ವು ಅಂದ್ರೆ? ಅದನ್ನ ಎಲ್ಲಿ ಇಟ್ಕೊಳ್ಲಿ ನಾನು?”

ಮುಂಬಾಗಿಲ ಗೋಡೆಯಲ್ಲಿ ದೊಡ್ಡವರ ಫೋಟೋಗಳಿವೆ. ಫ್ರೀಜರಿನಲ್ಲಿರುವ ಪ್ರತಿ ಕೊಳವೆಯ ಮೇಲೂ ವೈರಸ್ಸಿನ ಹೆಸರಿದೆ, ಪ್ರಾಣಿಯ ನಂಬರಿದೆ. ಅಚ್ಚಾಗುವ ವರದಿಗಳಲ್ಲಿ ಯಂತ್ರ ಮಾರಿದ ಕಂಪನಿಯ ಹೆಸರೂ ಇರುತ್ತದೆ. ಇವರ ಸುದ್ದಿ ಎಲ್ಲೂ ಇಲ್ಲ. ಆಂಟಿಬಾಡಿ ಆಕಾಶದಿಂದ ಉದುರಿತೇನು?

ಊಟದ ಹೊತ್ತು ಮೀರಿದ ಮೇಲೆ ವೈದ್ಯೆ ಮೆಟ್ಟಿಲಿಳಿದು ಬರುತ್ತಾರೆ. ಸೀನಕ್ಕ ಎದ್ದು ನಿಲ್ಲುತ್ತಾರೆ, ಬುತ್ತಿ ಉರುಳುತ್ತದೆ, ಯಾರೂ ಎತ್ತುವುದಿಲ್ಲ.

“ಇಲ್ಲ ಅಕ್ಕ. ಅವಕ್ಕೂ ಇಲ್ಲ, ನಿಮಗೂ ಇಲ್ಲ. ಫ್ಲೂ ಅಲ್ಲ.”

ಸೀನಕ್ಕ ಬಗ್ಗಿ ಉರುಳಿದ ಬುತ್ತಿ ಎತ್ತಿಕೊಳ್ಳುತ್ತಾರೆ.

“ಆದ್ರೆ ಒಂದು ಕೇಳ್ತೀನಿ,” ಎನ್ನುತ್ತಾರೆ ವೈದ್ಯೆ. ಕೈಯಲ್ಲೊಂದು ಬಟ್ಟೆ ತೊಟ್ಟಿಲಿದೆ. “ಇದನ್ನ ಯಾವ ಪುಡೀಲಿ ಒಗೆದ್ರಿ?” ಮೂಗಿನ ಹತ್ತಿರ ತಂದರೆ ಗಮ್ಮೆಂದು ಹೂವಿನ ವಾಸನೆ. ಫೆರೆಟ್‌ನ ಮೂಗು ಬಲು ನಾಜೂಕು. ಸೆಂಟಿನ ವಾಸನೆ ಬಡಿದರೆ ಸೀನುತ್ತದೆ.

ಸೀನಕ್ಕ ಹಣೆ ಬಡಿದುಕೊಳ್ಳುತ್ತಾರೆ. “ಅಯ್ಯೋ ನನ್ ಕರ್ಮವೇ! ನಮ್ಮನೆ ಪುಡಿ. ಮಗು ಬಟ್ಟೆಗೆ ಹಾಕೋದು.”

ವಾಸನೆಯಿಲ್ಲದ ಪುಡಿ ಮುಗಿದಿದೆ ಎಂದು ಇವರು ಸ್ಟೋರಿಗೆ ಹೇಳಿ ಹೇಳಿ ಸಾಕಾಗಿದ್ದರು. ಪ್ರತಿ ಸಲವೂ “ಬರುತ್ತೆ” ಎಂಬ ಉತ್ತರ. ಹೊಲಸು ಬಟ್ಟೆಯಲ್ಲಿ ಮಲಗಿಸಲು ಮನಸ್ಸಾಗದೆ ನಿನ್ನೆ ಮನೆಯ ಹಿತ್ತಲ ಒಗೆಯುವ ಕಲ್ಲಿನ ಮೇಲಿದ್ದ ಡಬ್ಬಿಯಿಂದ ಒಂದು ಹಿಡಿ ತಂದು ಒಗೆದು ಹಾಕಿದ್ದಾರೆ. ಇವರ ಮೈಮೇಲಿನ ಬಟ್ಟೆಗೂ ಅದೇ ವಾಸನೆ. ಬೇರೆಯಾಗಿ ಗೊತ್ತಾಗುವುದಾದರೂ ಹೇಗೆ?

“ಇಷ್ಟಕ್ಕೆ ನನ್ನ ಪ್ರಾಣ ತೆಗೆದ್ರಲ್ಲ ಅಕ್ಕ!” ವೈದ್ಯೆ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಸೀನಕ್ಕ ನಗುವುದಿಲ್ಲ. ಹೊಸ ಗ್ಲೌಸು ಹಾಕಿಕೊಂಡು ಒಳಗೆ ಹೋಗಿ ತೊಟ್ಟಿಲುಗಳನ್ನೆಲ್ಲ ಕಳಚಿ ತರುತ್ತಾರೆ. ಬರೀ ಬಿಸಿನೀರಲ್ಲಿ ತಿಕ್ಕುತ್ತಾರೆ. ಮೂಸುತ್ತಾರೆ, ಮತ್ತೆ ತಿಕ್ಕುತ್ತಾರೆ. ನಾಡಿದ್ದಿನ ಕೆಲಸ ನಾಡಿದ್ದೇ ನಡೆಯಲಿದೆ.

ಸಂಜೆ ಇವರ ಮನೆಯ ಹಿತ್ತಲು. ಕಿಟಕಿಯ ಗಾಜಿಗೆ ಮೂಗು ಒತ್ತಿ ಮೊಮ್ಮಗಳು ನಿಂತಿದ್ದಾಳೆ. ಜ್ವರ ಇಳಿಯುತ್ತಿದೆಯಂತೆ. ಮೂಗಿನಿಂದ ಇಳಿದದ್ದು ತುಟಿ ಮುಟ್ಟಿದೆ. ಸೀನಕ್ಕ ಹೊರಗೆ ನಿಂತು, ಮಗುವಿನ ಮೂಗಿರುವ ಜಾಗದಲ್ಲೇ ಗಾಜಿನ ಮೇಲೆ ಬೆರಳಾಡಿಸುತ್ತಾರೆ.

ಪೇಪರಿನಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ನಾನು ಕೇಳಿದರೆ ತಿರುಗಿಯೂ ನೋಡುವುದಿಲ್ಲ.

“ಫೋಟೋ-ಗೀಟೋ ಏನೂ ಬೇಡ. ಆ ವಾಸನೆ ಇಲ್ಲದ ಪುಡಿ ತರಿಸ್ಲಿ ಅಂತ ಬರಿ. ಆಮೇಲೆ…” ಅವರ ಬೆರಳು ಗಾಜಿನ ಮೇಲೇ ನಿಲ್ಲುತ್ತದೆ. “ದಿನಾ ಅಷ್ಟು ಮೂಗು ನೋಡ್ಕೊಳ್ತೀನಿ ತಮ್ಮ. ಈ ಒಂದು ಮೂಗನ್ನ ಒಂದ್ಸಲ ನನ್ನ ಕೈಯಾರೆ ಒರೆಸ್ಬೇಕು.”