ಗೋದಲಿ ಕೋಣೆಯ ಬೀಗದ ಕೈ

ಎಂ.ಎ. ಎರಡನೇ ವರ್ಷ ಶುರುವಾಗುವ ಮುಂಚಿನ ಜೂನ್ ತಿಂಗಳು ನನಗೆ ಬಾಗಿಲು ಮುಚ್ಚಿಕೊಂಡು ಕೂರುವ ಒಂದು ಜಾಗ ಬೇಕಾಗಿತ್ತು. ಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಂದಿದ್ದೆ, ರಟ್ಟು ಹಾಕಿ ಜೋಡಿಸಿಯೂ ಆಗಿತ್ತು. ಬುದ್ಧಿಯ ಬಗ್ಗೆ ನನಗೆ ಚಿಂತೆ ಇರಲಿಲ್ಲ, ಅದು ಬೇಕಾದದ್ದಕ್ಕಿಂತ ಹೆಚ್ಚೇ ಇದೆ ಎಂದುಕೊಂಡಿದ್ದ ವಯಸ್ಸು.

ಅಶೋಕಪುರಂ ಹತ್ತಿರದ ವಠಾರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ಅಮ್ಮನ ಹೊಲಿಗೆ ಯಂತ್ರ. ಇನ್ನೊಂದರಲ್ಲಿ ಪಾಳಿ ಮುಗಿಸಿ ಬಂದು ಮಲಗುವ ಅಪ್ಪ, ಪಾಠ ಗಟ್ಟಿಯಾಗಿ ಉರು ಹೊಡೆಯುವ ತಂಗಿಯರು, ಜಪಸರ ಹಿಡಿದ ಅಜ್ಜಿ. ಅಜ್ಜಿಯ ಜಪ ವಠಾರದ ಬಾವಿಯವರೆಗೂ ಕೇಳಿಸುತ್ತಿತ್ತು. ಸರ್ವೇಶ್ವರನಿಗೆ ಕಿವಿ ಮಂದ ಎಂಬ ಅನುಮಾನ ಅವಳಿಗೆ ಇದ್ದ ಹಾಗಿತ್ತು. ಯೂನಿವರ್ಸಿಟಿಯ ಹೊಸ ಲೈಬ್ರರಿಯೋ ಊರಿನ ಆ ಕೊನೆಗೆ, ರಜೆಯಲ್ಲಿ ಮಧ್ಯಾಹ್ನಕ್ಕೇ ಮುಚ್ಚುತ್ತಿತ್ತು.

ಆಗ ಸೆಮಿಸ್ಟರ್ ಎಂಬ ಮಾತು ನಮ್ಮಲ್ಲಿ ಇರಲಿಲ್ಲ, ಟರ್ಮ್ ಅನ್ನುತ್ತಿದ್ದೆವು. ನನ್ನ ವಿಷಯ ತತ್ತ್ವಶಾಸ್ತ್ರ. ಟರ್ಮ್ ಶುರುವಾದ ಕೂಡಲೇ ಸೆಮಿನಾರಿನಲ್ಲಿ ಒಂದು ಪ್ರಬಂಧ ಓದಬೇಕಾಗಿತ್ತು. ಹಿಂದಿನ ವರ್ಷ ನಾನು ಓದಿದ್ದನ್ನು ಕೇಳಿದ ಪ್ರೊಫೆಸರು, "ಭಾಷಣ ಚೆನ್ನಾಗಿತ್ತು. ಪ್ರಬಂಧ ಯಾವಾಗ?" ಎಂದು ಕೇಳಿ ಕನ್ನಡಕ ಒರೆಸಿಕೊಂಡಿದ್ದರು. ಇನ್ನೊಂದು ಸಲ ಹಾಗನ್ನಿಸಿಕೊಂಡರೆ ಅವರ ಕೈಕೆಳಗೆ ಸಂಶೋಧನೆಗೆ ಸೇರುವ ಆಸೆಯನ್ನು ನಾನು ಮರೆಯಬೇಕಾಗಿತ್ತು.

ಜಾಗವೇನೋ ಒಂದಿತ್ತು. ನಮ್ಮ ಚರ್ಚಿನ ಹಿಂದೆ ಒಂದು ಸಣ್ಣ ಕೋಣೆ. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವ ಬೊಂಬೆಗಳನ್ನು, ಅಂದರೆ ದನ, ಕುರಿ, ಒಂಟೆ, ಮೂವರು ರಾಜರನ್ನು, ಮಿಕ್ಕ ಹನ್ನೊಂದು ತಿಂಗಳು ಅಲ್ಲಿ ತುಂಬಿಡುತ್ತಿದ್ದರು. ತೊಡಕು ಏನೆಂದರೆ, ಬಿ.ಎ. ಓದುವಾಗಲೇ ನಾನು ಭಾನುವಾರದ ಪೂಜೆಗೆ ಹೋಗುವುದನ್ನು ನಿಲ್ಲಿಸಿದ್ದೆ. ಸುಮ್ಮನೆ ನಿಲ್ಲಿಸಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ನಾನು ಕೇರಿಗೆಲ್ಲ ಕಾರಣ ವಿವರಿಸಿದ್ದೆ.

ಆದರೂ ಹೋದೆ. ಕಾಲೇಜು ಕಾಲೇಜುಗಳ ನಡುವಿನ ವಾಗ್ವಾದ ಸ್ಪರ್ಧೆಗಳಲ್ಲಿ ಶೀಲ್ಡು ಹೊತ್ತು ತಂದವನಿಗೆ ಒಬ್ಬ ವಯಸ್ಸಾದ ಪಾದ್ರಿ ಯಾವ ಲೆಕ್ಕ? ಅಮ್ಮ ಜೊತೆಗೇ ಬಂದಳು. ಬರಬೇಡ ಅಂದರೆ, "ನೀನು ಏನಾದ್ರೂ ಅಂದುಬುಟ್ರೆ ಕ್ಷಮೆ ಕೇಳೋಕೆ ಒಬ್ರು ಬೇಡ್ವಾ?" ಅಂದಳು.

ಪಾದ್ರಿಗಳು ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ನನಗೆ ಜ್ಞಾನಸ್ನಾನ ಕೊಟ್ಟು ಹೆಸರಿಟ್ಟವರು, ಜ್ಞಾನೋಪದೇಶ ಬಾಯಿಪಾಠ ಮಾಡಿಸಿದವರು, ಎರಡೂ ಅವರೇ. ಕೇಳಬೇಕಾದದ್ದನ್ನು ಕೇಳಿದೆ.

"ಪೂಜೆ ಮುಗಿಸ್ಕೊಂಡು ಜನ ಇಟ್ಟಿಗೆ ಹೊತ್ತು ಕಟ್ಟಿದ ಕೋಣೆ ಕಣಪ್ಪಾ ಅದು," ಅಂದರು ಅವರು. "ಪೂಜೆಗೇ ಬರದ ನಿಂಗೆ ಕೊಟ್ಟುಬುಟ್ರೆ ಅವರ್ಗೆ ನಾನೇನು ಹೇಳ್ಲಿ?"

ನಾನು ವೇದಿಕೆ ಏರಿದವನ ಹಾಗೆ ಶುರುಮಾಡಿದೆ. "ಅಂದರೆ ಫಾದರ್, ಪ್ರಶ್ನೆ ಕೇಳುವವನಿಗೆ ಇಲ್ಲಿ ಜಾಗವಿಲ್ಲ. ತಲೆಬಾಗಿದವನಿಗೆ ಮಾತ್ರ ನೆರಳು, ಅಲ್ಲವೇ?" ಸಭೆಯಲ್ಲಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ಜಗುಲಿಯಲ್ಲಿ ಒಂದು ಕಾಗೆ ಇತ್ತು, ಅದೂ ಹಾರಿಹೋಯಿತು.

"ನಾನು ಹಂಗಂದ್ನಾ ತಾಯಿ?" ಎಂದು ಅವರು ಅಮ್ಮನನ್ನು ಕೇಳಿದರು.

"ಇಲ್ಲ ಸ್ವಾಮಿ. ಇವ್ನು ಮನೇಲೂ ಹಿಂಗೇ. ಸಾರಿಗೆ ಉಪ್ಪು ಕಮ್ಮಿ ಆದ್ರೆ, ನನ್ನ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತಾನೆ."

ಪಾದ್ರಿಗಳು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಾವು ಗುರುಮಠದಲ್ಲಿ ಪಾದ್ರಿಗಳಾಗೋಕೆ ಓದ್ತಿದ್ದಾಗ ವಾದಕ್ಕೆ ಒಂದು ಕಟ್ಟಳೆ ಇತ್ತು. ಎದುರಿನವನು ಏನು ಹೇಳ್ದ ಅಂತ ಮೊದಲು ನೀನು ಹೇಳ್ಬೇಕು. ಹೌದು, ನನ್ನ ಮಾತು ಅದೇ ಅಂತ ಅವನು ಒಪ್ಪಿದ್ಮೇಲೇ ನಿನ್ನ ಉತ್ತರ. ಒಪ್ಪೋವರೆಗೂ ಬಾಯಿ ಬಿಡೋ ಹಂಗಿಲ್ಲ. ನಾವು ಲ್ಯಾಟಿನ್‌ನಲ್ಲಿ ಮಾಡ್ತಿದ್ವಿ, ನಿಂಗೆ ಕನ್ನಡದ ರಿಯಾಯಿತಿ ಕೊಡ್ತೀನಿ. ಗೆದ್ರೆ ಕೋಣೆ ನಿಂದು."

ಇಷ್ಟೇನಾ ಅನ್ನಿಸಿತು. "ನಂಬಿಕೆ ಇಲ್ಲದವರಿಗೆ ಕೊಡೋದಿಲ್ಲ ಅಂದಿರಿ."

"ಅಲ್ಲ."

"ನಿಯಮ ಪಾಲಿಸದವನು ಸೌಲಭ್ಯ ಕೇಳಬಾರದು ಅಂದಿರಿ."

"ಅದು ನೀನೇ ಕಟ್ಟಿದ ಮಾತು. ಹೊಡೆದು ಹಾಕೋಕೆ ಸುಲಭ ಅಂತ ಕಟ್ಕೊಂಡಿದ್ದೀಯ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ಸ್ಪರ್ಧೆಗಳಲ್ಲಿ ಎದುರಾಳಿ ಮಾತಾಡುವಾಗ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ, ನನ್ನ ಮುಂದಿನ ವಾಕ್ಯ ಹೊಸೆಯುವುದು. ಈಗ ಅವರ ಮಾತನ್ನು ನಿಜಕ್ಕೂ ನೆನಪಿಸಿಕೊಳ್ಳಬೇಕಾಯಿತು. ಇಟ್ಟಿಗೆ ಅಂದಿದ್ದರು. ಅವರಿಗೆ ಏನು ಹೇಳಲಿ ಅಂದಿದ್ದರು.

ನಿಧಾನವಾಗಿ ಹೇಳಿದೆ. "ಆ ಕೋಣೆ ನಿಮ್ಮದಲ್ಲ. ಇಟ್ಟಿಗೆ ಹೊತ್ತವರದು. ನೀವು ಬೀಗದ ಕೈ ಇಟ್ಟುಕೊಂಡವರು ಮಾತ್ರ. ನನ್ನ ಮೇಲಿನ ಮರುಕಕ್ಕೆ ನೀವು ಬಾಗಿಲು ತೆಗೆದರೆ, ಅದು ಇನ್ನೊಬ್ಬರ ಸ್ವತ್ತನ್ನು ಕೇಳದೆ ದಾನ ಮಾಡಿದ ಹಾಗೆ. ಅದಕ್ಕೆ ನಿಮಗೆ ಹಕ್ಕಿಲ್ಲ."

ಅವರು ಕುರ್ಚಿಗೆ ಒರಗಿದರು. "ಹೌದು. ನಾನು ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ. ಈಗ ಉತ್ತರ ಹೇಳು."

ಅವರ ವಾದವನ್ನು ನಾನೇ ಕಟ್ಟಿ ನಿಲ್ಲಿಸಿಬಿಟ್ಟಿದ್ದೆ, ಗೋಡೆಯ ಹಾಗೆ. ಆದರೆ ನಾನೇ ಕಟ್ಟಿದ ಗೋಡೆಯಾದ್ದರಿಂದ ಬಾಗಿಲು ಎಲ್ಲಿದೆ ಅಂತ ಒಂದು ಗಳಿಗೆಯಲ್ಲಿ ಕಂಡಿತು.

"ಕೋಣೆ ಇಟ್ಟಿಗೆ ಹೊತ್ತವರದು, ಅಂದರೆ ಈ ಚರ್ಚಿನ ಸಭೆಯವರದು ಅಂದಿರಿ. ಸಭೆಯವನು ಅಂದರೆ ಯಾರು ಫಾದರ್? ಜ್ಞಾನಸ್ನಾನ ಆದವನು. ಅದು ಆತ್ಮದ ಮೇಲೆ ಅಳಿಯದ ಮುದ್ರೆ ಒತ್ತುತ್ತದೆ, ಯಾವ ಪಾಪದಿಂದಲೂ ಅಳಿಸಲಾಗದು ಅಂತ ಜ್ಞಾನೋಪದೇಶದಲ್ಲಿ ನನಗೆ ಕಲಿಸಿದವರು ನೀವು. ಪೂಜೆ ತಪ್ಪಿಸಿದ್ದು ಪಾಪವೇ ಇರಲಿ, ಒಪ್ಪಿದೆ. ಮುದ್ರೆ ಅಳಿದಿಲ್ಲ. ಹಾಗಾದರೆ ನಾನೂ ಆ ಕೋಣೆಯ ಒಡೆಯರಲ್ಲಿ ಒಬ್ಬ. ನಾನು ದಾನ ಕೇಳುತ್ತಿಲ್ಲ, ನನ್ನ ಪಾಲು ಕೇಳುತ್ತಿದ್ದೇನೆ."

"ಆ ಮುದ್ರೆನ ನೀನು ನಂಬ್ತೀಯಾ?"

"ನಾನು ನಂಬಬೇಕಾಗಿಲ್ಲ. ನೀವು ನಂಬುತ್ತೀರಲ್ಲ."

ಕಟ್ಟಳೆಯ ಪ್ರಕಾರ ಈಗ ಅವರ ಸರದಿ. ನನ್ನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಒಂದು ಎಳೆಯೂ ಬಿಡದೆ ತಿರುಗಿ ಹೇಳಿದರು. ಹೌದು, ನನ್ನ ಮಾತು ಅದೇ ಎಂದೆ. ಉತ್ತರದ ಬದಲು ಅವರು ಹೊಟ್ಟೆ ಅಲುಗುವ ಹಾಗೆ ನಗತೊಡಗಿದರು.

"ಯಾರಾದ್ರೂ ಕೇಳಿದ್ರೆ ಇದನ್ನೇ ಹೇಳ್ತೀನಿ," ಎಂದು ಒಳಗೆ ಹೋಗಿ ಬೀಗದ ಕೈ ತಂದರು. "ಪೂಜೆಗೆ ಬಾ ಅಂತ ಷರತ್ತು ಹಾಕಲ್ಲ. ಸ್ವಂತ ಪಾಲಿಗೆ ಷರತ್ತು ಹಾಕೋಕಾಗುತ್ತಾ? ಒಂಟೆ ಕಾಲು ಮುರೀಬೇಡ, ಅಷ್ಟೆ."

ದಾರಿಯಲ್ಲಿ ಅಮ್ಮ ಕೇಳಿದಳು. "ಹಂಗಾದ್ರೆ ನೀನಿನ್ನೂ ನಮ್ಮೋನೇ ಅಂತ ಒಪ್ಕೊಂಡೆ ತಾನೇ?"

"ಅದು ವಾದಕ್ಕೆ ಹೇಳಿದ್ದು ಕಣಮ್ಮ."

"ಯಾತಕ್ಕಾದ್ರೂ ಹೇಳು. ಅಜ್ಜಿಗೆ ನಾನು ಹೇಳೇಬುಡ್ತೀನಿ."

ಮಾರನೆಯ ದಿನವೇ ರಾಜರನ್ನು ಗೋಡೆಗೆ ಸರಿಸಿ, ದನಗಳ ಧೂಳು ಕೊಡವಿ, ಕಿಟಕಿಯ ಪಕ್ಕ ಒಂದು ಹಳೆಯ ಬೆಂಚು ಹಾಕಿದೆ. ಬಾಗಿಲು ಮುಚ್ಚಿದೆ. ಯಾವ ಸದ್ದೂ ಇಲ್ಲ. ಮನೆಯಲ್ಲಿ ಒಂದು ಪುಟ ದಾಟಲು ಒದ್ದಾಡುತ್ತಿದ್ದವನು ಅವತ್ತು ಸಂಜೆಯೊಳಗೆ ಪುಸ್ತಕದ ಅರ್ಧಕ್ಕೆ ಬಂದಿದ್ದೆ. ಪ್ರಬಂಧಕ್ಕೆ ಕೂತಾಗ ನಾನು ಅಲ್ಲಗಳೆಯಬೇಕಾಗಿದ್ದ ಪಕ್ಷವನ್ನೇ ಮೊದಲು ಬರೆದೆ, ಆ ಪಕ್ಷದವನೇ ಓದಿದರೂ ಹೌದು ಅನ್ನಬೇಕು ಅನ್ನುವ ಹಾಗೆ. ಅದಕ್ಕೇ ಎಂಟು ಹಾಳೆ ಹಿಡಿಯಿತು. ನನ್ನ ಉತ್ತರ ಮೂರೇ ಹಾಳೆಯಲ್ಲಿ ಮುಗಿಯಿತು. ಅಷ್ಟು ಗಟ್ಟಿಯಾದ ಮೂರು ಹಾಳೆ ನಾನು ಅದುವರೆಗೆ ಬರೆದಿರಲಿಲ್ಲ.

ಟರ್ಮ್ ಶುರುವಾಗುವ ಹಿಂದಿನ ಸಂಜೆ ಗೋದಲಿ ಕೋಣೆಯಲ್ಲಿ ಎರಡು ಕಡೆಯ ಮಾತನ್ನೂ ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ಅಮ್ಮ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

"ಯಾರ ಜೊತೆ ಜಗಳ ಆಡ್ತಿದ್ದೀಯೋ?"

"ಇಬ್ಬರೂ ನಾನೇ ಕಣಮ್ಮ."

"ಯಾರು ಗೆಲ್ತಾ ಇರೋದು?"

"ಮೊದಲನೆಯವನು ಬಹಳ ಗಟ್ಟಿಗ. ಅವನನ್ನೇ ಸೋಲಿಸಿದ್ದೀನಿ."

"ಸರಿ ಬುಡು, ಕಾಫಿ ಕುಡಿ," ಎಂದು ಲೋಟವನ್ನು ಬೆಂಚಿನ ಮೇಲಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.