ವೈರಕ್ಕನ ಮನೆಯ ಹೋಟೆಲ್ ರೂಮು

ಹೊಸ ಪಂಪು ಎಷ್ಟು ಸದ್ದಿಲ್ಲದೆ ನೀರೆತ್ತುತ್ತದೆ ಎಂಬುದನ್ನು ಸೇಲ್ಸ್ ಮ್ಯಾನೇಜರು ಪರಊರಿನ ಗಿರಾಕಿಗಳಿಗೆ ದೊಡ್ಡ ಪರದೆಯ ಮೇಲೆ ತೋರಿಸುತ್ತಿದ್ದರು. ಆಗಲೇ ಪರದೆಯ ಮೂಲೆಯಲ್ಲಿ ‘ಟಿಂಗ್’ ಎಂದು ಒಂದು ಚೌಕ ಬಿಚ್ಚಿಕೊಂಡಿತು. ಕಳಿಸಿದ್ದು ಅವರ ಹೆಂಡತಿ. ‘ಹಲ್ಲಿನ ಸೆಟ್ಟು ಬಚ್ಚಲಲ್ಲೇ ಇದೆ. ಅಲ್ಲಿ ಜಾಸ್ತಿ ನಗೋಕೆ ಹೋಗ್ಬೇಡಿ.’

ಬೆಳಗಿನಿಂದ ಮೀಸೆಯ ಮರೆಯಲ್ಲಿ ಕಾಪಾಡಿಕೊಂಡು ಬಂದಿದ್ದ ಮಾನ ಗೋಡೆಯಗಲ ಹರಡಿತು. ಗಿರಾಕಿಗಳು ನಕ್ಕರು; ಅವರ ಹಲ್ಲುಗಳೆಲ್ಲ ಸ್ವಂತದವು. ಮ್ಯಾನೇಜರೂ ಜೊತೆಗೆ ನಗೋಣವೆಂದು ಬಾಯಿ ತೆರೆದು, ನೆನಪಾಗಿ, ಮುಚ್ಚಿಕೊಂಡರು.

ಮರಳಿ ಬಂದವರು ಮೊದಲು ಹೋದದ್ದು ವೈರಕ್ಕನ ಕೋಣೆಗೆ. ಆಫೀಸಿನ ಕಂಪ್ಯೂಟರುಗಳೆಲ್ಲ ಆಕೆಯ ಸುಪರ್ದಿ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ, ಸತ್ತ ಕೀಬೋರ್ಡುಗಳ ರಾಶಿ, ಕುತ್ತಿಗೆಗೆ ಸದಾ ಹಾರದಂತೆ ಒಂದು ಕೇಬಲ್ಲು. ಹೆಸರು ಬಂದದ್ದು ಆ ವೈರಿನಿಂದಲೇ.

“ಇಡೀ ಪರದೆ ಯಾಕೆ ತೋರಿಸಿದ್ರಿ? ಬೇಕಾದ ವಿಂಡೋ ಒಂದನ್ನೇ ತೋರಿಸಿ ಅಂತ ಎಷ್ಟು ಬಡ್ಕೊಂಡಿದೀನಿ! ಮೊದಲು ನೋಟಿಫಿಕೇಶನ್ ಬಾಯಿ ಮುಚ್ಚಿಸ್ಬೇಕು, ಆಮೇಲೆ ನೀವು ಬಾಯಿ ತೆಗೀಬೇಕು.”

“ಸುದ್ದಿ ಇಲ್ಲಿಗೂ ಬಂತಾ ಅಕ್ಕಾ?”

“ನಿಮಗಿಂತ ಮೊದಲೇ ಬಂತು ಸಾರ್.”

ಪ್ರವಾಸ ಹೊರಟವರು ಯಾರೇ ಆಗಲಿ, ಆಕೆಯ ಮುಂದೆ ನಿಂತು ಪಾಠ ಕೇಳಿಯೇ ಹೋಗಬೇಕಿತ್ತು. ಚಾರ್ಜರು ಕೈಚೀಲದಲ್ಲಿರಲಿ, ಪೆಟ್ಟಿಗೆಯಲ್ಲಲ್ಲ. ಬೇಕಾದ ಕಡತ ಇಲ್ಲೇ ಇಳಿಸಿಕೊಂಡು ಹೋಗಿ, ಅಲ್ಲಿ ಇಂಟರ್ನೆಟ್ಟು ಸಿಗುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಹೋಟೆಲಿನ ವೈಫೈಯಲ್ಲಿ ಬ್ಯಾಂಕಿನ ಕೆಲಸ ಬೇಡ, ಫೋನಿನ ಇಂಟರ್ನೆಟ್ಟನ್ನೇ ಬಳಸಿ. ಪಾಸ್‌ವರ್ಡ್ ಒತ್ತುವಾಗ ಅಂಗೈ ಅಡ್ಡ ಹಿಡೀರಿ. ಮೇಲ್ ಬಂದರೆ ಕಳಿಸಿದವರ ವಿಳಾಸ ನೋಡದೆ ನಂಬಬೇಡಿ. ಕೆಲಸ ಮುಗಿದ ಮೇಲೆ ಲಾಗೌಟ್. ಎಲ್ಲರೂ ತಲೆಯಾಡಿಸುತ್ತಿದ್ದರು, ಮೆಟ್ಟಿಲು ಹತ್ತುವಷ್ಟರಲ್ಲಿ ಮರೆಯುತ್ತಿದ್ದರು. ಒಂದಕ್ಷರವೂ ಬಿಡದೆ ಪಾಲಿಸಿದ ಪುಣ್ಯಾತ್ಮ ಒಬ್ಬನೇ: ಆಕೆಯ ಗಂಡ.

ಆಫೀಸಿನಲ್ಲಿ ಆತ ಸೂಟ್‌ಕೇಸಣ್ಣ. ಊರೂರು ಸುತ್ತಿ ಪಂಪು ಮಾರಿದವರು. ಮ್ಯಾನೇಜರಿಗೆ ಗಿರಾಕಿಯ ಮುಂದೆ ಕೂರುವುದನ್ನು ಕಲಿಸಿದವರೂ ಅವರೇ. ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದವು. ಆರೋಗ್ಯ ಸರಿಯಿಲ್ಲವಂತೆ ಎಂಬುದಷ್ಟೇ ಎಲ್ಲರಿಗೂ ಗೊತ್ತಿತ್ತು. ನೋಡಿಬರಬೇಕೆಂದು ಮ್ಯಾನೇಜರು ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದರು. ನಾವೆಲ್ಲ ಅಂದುಕೊಳ್ಳುವುದರಲ್ಲಿ ಗಟ್ಟಿಗರು.

ಅಷ್ಟರಲ್ಲಿ ಮುಖ್ಯ ಕಚೇರಿಯಿಂದ ಅಪ್ಪಣೆ ಬಂತು: ಕೆಲಸ ಬಿಟ್ಟವರ ಮೇಲ್ ಖಾತೆಗಳನ್ನೆಲ್ಲ ಈ ವಾರವೇ ಮುಚ್ಚಬೇಕು, ಆಯಾ ವಿಭಾಗದ ಮುಖ್ಯಸ್ಥರು ಒಪ್ಪಿಗೆ ಕೊಡಬೇಕು. ಮ್ಯಾನೇಜರು ಕಣ್ಣಾಡಿಸಿದರೆ, ಸೂಟ್‌ಕೇಸಣ್ಣನ ಖಾತೆ ಈಗಲೂ ದಿನಾ ಬೆಳಿಗ್ಗೆ ತೆರೆಯುತ್ತಿದೆ! ಯಾರೋ ಕಳ್ಳ ನುಗ್ಗಿದ್ದಾನೆಂದು ಹೌಹಾರಿ ಮೆಟ್ಟಿಲಿಳಿದು ಓಡಿದರು.

ವೈರಕ್ಕ ತಲೆ ಎತ್ತಲಿಲ್ಲ. “ಕಳ್ಳ ಅಲ್ಲ ಸಾರ್. ಅವ್ರೇ.”

“ಅವರು ಮನೇಲಿದ್ದಾರಲ್ಲ?”

“ಮನೇಲಿದ್ದೀನಿ ಅಂತ ಅವ್ರಿಗೆ ಗೊತ್ತಿಲ್ಲ. ಹೋಟೆಲ್ ಅಂದ್ಕೊಂಡಿದ್ದಾರೆ.”

ಬಾಗಿಲು ಹಾಕಿಕೊಂಡು ಬರಲು ಹೇಳಿ, ಯಾರದೋ ಕೆಟ್ಟ ಪ್ರಿಂಟರಿನ ಕಥೆಯೆಂಬಂತೆ ಎಲ್ಲ ವಿವರಿಸಿದಳು. ಮರೆವಿನ ಕಾಯಿಲೆ. ಬೆಳಗಾದರೆ ಸ್ನಾನ ಮಾಡಿ, ಟೈ ಕಟ್ಟಿ, ಪೆಟ್ಟಿಗೆ ಹಿಡಿದು ಹೊರಟೇಬಿಡುತ್ತಿದ್ದರು. ಒಮ್ಮೆ ಬಸ್ ನಿಲ್ದಾಣದವರೆಗೂ ಹೋಗಿದ್ದರು. ಪಕ್ಕದಲ್ಲಿ ಕೂತಿದ್ದವರಾರೋ ಇವರ ಲ್ಯಾಪ್‌ಟಾಪಿನ ಬೀಗ ಹಾಕಿದ ಪರದೆಯಲ್ಲೇ ಕಾಣುತ್ತಿದ್ದ ‘ಸಿಕ್ಕವರು ಈ ನಂಬರಿಗೆ ತಿಳಿಸಿ’ ಎಂಬುದನ್ನು ಓದಿ ಫೋನು ಮಾಡಿದ್ದರು.

“ಲ್ಯಾಪ್‌ಟಾಪ್ ಕಳೆದ್ರೆ ಸಿಗ್ಲಿ ಅಂತ ನಾನೇ ಹಾಕಿಸಿದ್ದು. ಮನುಷ್ಯ ಸಿಕ್ಕಿದ್ರು.”

ಅಂದಿನಿಂದ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಆಫೀಸಿನ ವಿಳಾಸದಿಂದ ಅವರ ಆ ಖಾತೆಗೆ ಒಂದು ಮೇಲ್ ಹಾಕುತ್ತಾಳೆ: ‘ಗಿರಾಕಿ ನಾಳೆ ಸಿಗುತ್ತಾರೆ. ಇವತ್ತು ಹೋಟೆಲಿನಲ್ಲೇ ಇರಿ.’ ಅವರು ಓದುತ್ತಾರೆ, ಬೂಟು ಬಿಚ್ಚುತ್ತಾರೆ. ಹಗಲು ಅವರ ತಂಗಿ ಬಂದು ನೋಡಿಕೊಳ್ಳುತ್ತಾಳೆ. ಆ ಮೇಲ್ ಇಲ್ಲದಿದ್ದರೆ ತಡೆಯುವುದು ಯಾರ ಕೈಲೂ ಆಗದ ಮಾತು.

“ಬೇರೆ ಖಾತೆ ಮಾಡಿ ಅದಕ್ಕೆ ಕಳಿಸಿದ್ರೆ ಆಗಲ್ವಾ?”

“ಮಾಡ್ದೆ. ವಿಳಾಸ ನೋಡಿದ್ರು, ‘ಇದು ನನ್ ಆಫೀಸಿನ ಖಾತೆ ಅಲ್ಲ, ಮೋಸದ್ದು, ನನ್ ಹೆಂಡ್ತಿ ಹೇಳಿದ್ದಾಳೆ’ ಅಂದ್ರು. ಅಳಿಸಿ ಹಾಕಿದ್ರು.”

ಮ್ಯಾನೇಜರು ದನಿ ತಗ್ಗಿಸಿದರು. “ಬಿಡಿ ಅಕ್ಕಾ. ಇದೊಂದು ಖಾತೆ ಹಾಗೇ ಇರ್ಲಿ. ನಾನು ಕಣ್ಣು ಮುಚ್ಕೋತೀನಿ.”

“ನೀವು ಮುಚ್ಕೊಂಡ್ರೆ ಕಳ್ಳನೂ ಮುಚ್ಕೋತಾನಾ? ಹಳೇ ಖಾತೆ, ಹಳೇ ಪಾಸ್‌ವರ್ಡ್. ಗಿರಾಕಿಗಳ ಕಾಗದವೆಲ್ಲ ಅದರೊಳಗಿದೆ. ಹೋದವರ ಖಾತೆ ಅವತ್ತೇ ಮುಚ್ಚಿ ಅಂತ ಊರಿಗೆಲ್ಲ ಹೇಳೋಳು ನಾನು.” ಕುತ್ತಿಗೆಯ ಕೇಬಲ್ಲನ್ನು ತೆಗೆದು ಸುತ್ತತೊಡಗಿದಳು. “ಶನಿವಾರ ಮುಚ್ತೀನಿ. ಭಾನುವಾರ ಬೆಳಿಗ್ಗೆ ಬರ್ತೀರಾ? ಬಾಗಿಲ ಹತ್ರ ಒಬ್ರು ಗಂಡಸು ಬೇಕು. ಅವ್ರ ಕೈಯಲ್ಲಿ ಇನ್ನೂ ಬಲ ಇದೆ.”

ಭಾನುವಾರ ಮ್ಯಾನೇಜರು ಹೋದರು. ಇಕ್ಕಟ್ಟಿನ ಮನೆ. ಮುಂದಿನ ಕೋಣೆಯ ಮಂಚದ ಮೇಲೆ ಮಡಿಸಿಟ್ಟ ಬಿಳಿ ಟವೆಲ್ಲು, ಅದರ ಮೇಲೆ ಪುಟಾಣಿ ಸೋಪು. ಬಾಗಿಲಿನ ಹಿಡಿಗೆ ‘ತೊಂದರೆ ಕೊಡಬೇಡಿ’ ಎಂಬ ರಟ್ಟು. ಸೂಟ್‌ಕೇಸಣ್ಣ ಟೈ ಕಟ್ಟಿ, ಬೂಟು ತೊಟ್ಟು, ಮೇಜಿನ ಮುಂದೆ ಕೂತಿದ್ದರು. ಮ್ಯಾನೇಜರನ್ನು ನೋಡಿ ಪರಊರಿನವರನ್ನು ಕಂಡಂತೆ ಮರ್ಯಾದೆಯಿಂದ ಕೈಕುಲುಕಿದರು.

“ನೀವೂ ಇಲ್ಲೇ ಇಳ್ಕೊಂಡಿದ್ದೀರಾ? ಒಳ್ಳೇ ಹೋಟೆಲ್ಲು. ಈ ಮೇಡಂ ಪಾಪ, ತುಂಬಾ ಚೆನ್ನಾಗಿ ನೋಡ್ಕೋತಾರೆ.”

ಮೇಡಂ, ಅಂದರೆ ವೈರಕ್ಕ, ನೀರಿನ ಲೋಟ ಇಟ್ಟಳು. ಆಕೆ ಹತ್ತಿರ ಬಂದದ್ದೇ ತಡ, ಅವರು ಎಡ ಅಂಗೈಯನ್ನು ಕೀಬೋರ್ಡಿಗೆ ಅಡ್ಡ ಹಿಡಿದರು. “ಬೇಜಾರು ಮಾಡ್ಕೋಬೇಡಿ ಮೇಡಂ. ಯಾರಿಗೂ ಕಾಣಬಾರದು ಅಂತ ಮನೆಯವಳ ಕಟ್ಟಪ್ಪಣೆ.”

“ಒಳ್ಳೇದೇ ಹೇಳಿದ್ದಾರೆ ಸಾರ್,” ಎಂದು ಮೇಡಂ ಗೋಡೆಯ ಕಡೆ ತಿರುಗಿದಳು.

ಬೆರಳುಗಳು ತಡವರಿಸದೆ ಓಡಿದವು. ಪರದೆ ಒಪ್ಪಲಿಲ್ಲ. ಇನ್ನೊಮ್ಮೆ ಒತ್ತಿದರು. ಇಲ್ಲ. ಮತ್ತೊಮ್ಮೆ. ಆಮೇಲೆ ತಮ್ಮ ಬೆರಳುಗಳನ್ನೇ, ಅವು ಬೇರೆ ಯಾರದೋ ಎಂಬಂತೆ, ಹೊರಳಿಸಿ ನೋಡಿಕೊಂಡರು. ಜಗತ್ತಿನಲ್ಲಿ ಅವರಿಗೆ ಸರಿಯಾಗಿ ನೆನಪಿದ್ದದ್ದು ಅದೊಂದೇ. ಈಗ ಅದೂ ತಪ್ಪು ಎನ್ನುತ್ತಿತ್ತು.

“ಇಂಟರ್ನೆಟ್ಟು ಹೋಗಿದೆ ಸಾರ್. ಇವತ್ತು ಇಲ್ಲೇ ಇರಿ,” ಎಂದಳು ಮೇಡಂ.

“ಹೋಟೆಲಿನವರ ಮಾತು ಕೇಳ್ಕೊಂಡು ಟೂರು ನಿಲ್ಸೋಕಾಗತ್ತಾ? ಗಿರಾಕಿ ಕಾಯ್ತಿರ್ತಾನೆ!” ಅವರು ಲಾಗೌಟ್ ಗುಂಡಿಗಾಗಿ ಹುಡುಕಿ, ಸಿಗದೆ, ಲ್ಯಾಪ್‌ಟಾಪ್ ಮುಚ್ಚಿ ಪೆಟ್ಟಿಗೆ ಎತ್ತಿಕೊಂಡರು.

ಮ್ಯಾನೇಜರು ಬಾಗಿಲಿಗೆ ಅಡ್ಡ ನಿಂತರು. ಕಲಿಸಿದ ಕೈಯೇ ಅವರ ಎದೆಗೆ ಒತ್ತಿ ಪಕ್ಕಕ್ಕೆ ತಳ್ಳಿತು. “ಜಾಗ ಬಿಡಯ್ಯಾ, ಬಸ್ಸು ತಪ್ಪತ್ತೆ!” ತಲೆಬಾಗಿಲಿನ ಚಿಲಕಕ್ಕೆ ಕೈ ಹೋಯಿತು. ಮ್ಯಾನೇಜರು ಹಿಂದಿನಿಂದ ಅವರ ತೋಳು ಹಿಡಿದರು. ಹಿಡಿಯಲೂ ಸಂಕಟ, ಬಿಡಲೂ ಸಂಕಟ. ತಿರುಗಿ ನೋಡಿದರೆ ವೈರಕ್ಕ ಅಲ್ಲಿರಲಿಲ್ಲ.

ಸೂಟ್‌ಕೇಸಣ್ಣನ ಜೇಬಿನಲ್ಲಿ ಫೋನು ಮೊಳಗಿತು. ಅವರು ಪೆಟ್ಟಿಗೆ ಇಳಿಸಿ ಕಿವಿಗಿಟ್ಟರು.

“ಹಲೋ... ಏನೇ? ಎಲ್ಲಿದ್ದೀಯೇ ನೀನು? ಎಷ್ಟು ದಿನ ಆಯ್ತು ನಿನ್ ದನಿ ಕೇಳಿ!”

ಮುಖದ ಗಂಟುಗಳೆಲ್ಲ ಒಂದೊಂದಾಗಿ ಸಡಿಲವಾದವು. ಮ್ಯಾನೇಜರು ತೋಳು ಬಿಟ್ಟರು. ಅಡುಗೆಮನೆಯಲ್ಲಿ ವೈರಕ್ಕ ಸಿಂಕಿಗೆ ಒರಗಿ, ಬೆನ್ನು ತಿರುಗಿಸಿ ನಿಂತು, ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು.

“ಆಫೀಸಿಂದ ಮನೆಗೆ ಫೋನು ಮಾಡಿದ್ರು ರೀ. ಗಿರಾಕಿ ನಾಳೆ ಸಿಗ್ತಾನಂತೆ. ಇವತ್ತು ಅಲ್ಲೇ ಇರ್ಬೇಕಂತೆ.”

“ಹೌದಾ? ಸರಿ ಬಿಡು. ಚಾರ್ಜರು ಕೈಚೀಲದಲ್ಲೇ ಇಟ್ಟಿದೀನಿ ಕಣೇ, ಬೈಬೇಡ. ಇಲ್ಲಿ ಒಬ್ರು ಮೇಡಂ ಇದ್ದಾರೆ, ನಿನ್ ಥರಾನೇ ಜೋರು. ಊಟ ಮಾಡ್ದ್ಯಾ?”

“ಮಾಡ್ದೆ,” ಎಂದಳು ವೈರಕ್ಕ. ಒಲೆಯನ್ನಿನ್ನೂ ಹಚ್ಚಿರಲಿಲ್ಲ.

“ಬೇಗ ಬಂದ್ಬಿಡ್ತೀನಿ.”

“ಹೂಂ. ನಿಧಾನಕ್ಕೆ ಬನ್ನಿ.”

ಸೂಟ್‌ಕೇಸಣ್ಣ ಮಂಚದ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದರು. ವೈರಕ್ಕ ಮುಖ ಒರೆಸಿಕೊಂಡು ಬಂದು, ಮೇಡಂ ಆಗಿ, ಆ ಬೂಟುಗಳನ್ನೆತ್ತಿ ಗೋಡೆಗೆ ಸೇರಿಸಿಟ್ಟಳು. ಅವರು “ಥ್ಯಾಂಕ್ಸ್ ಮೇಡಂ” ಎಂದರು.

ಅಂದಿನಿಂದ ಬೆಳಗಿನ ಮೇಲ್ ಮಾಡುತ್ತಿದ್ದ ಕೆಲಸವನ್ನೆಲ್ಲ ಫೋನೇ ಮಾಡಿತು. ಮ್ಯಾನೇಜರು ಮುಂದಿನ ಪ್ರವಾಸಕ್ಕೆ ಹೊರಟ ದಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಪಾಠವನ್ನೆಲ್ಲ, ಈ ಸಲ ನಿಜವಾಗಿಯೂ, ಕೇಳಿಸಿಕೊಂಡರು. ಹೊರಡುವಾಗ ತಡೆಯಲಾಗದೆ ಕೇಳಿಯೇಬಿಟ್ಟರು:

“ಅಕ್ಕಾ, ಅವರಿಗೆ ನಿಮ್ಮ ಗುರುತು ಸಿಗತ್ತಾ?”

ವೈರಕ್ಕ ಅವರ ಚಾರ್ಜರನ್ನು ಪೆಟ್ಟಿಗೆಯಿಂದ ತೆಗೆದು ಕೈಚೀಲಕ್ಕೆ ಹಾಕಿದಳು.

“ಸಿಗತ್ತೆ ಸಾರ್. ಸಿಗ್ನಲ್ ಇದ್ರೆ.”