ಟೈಲರಕ್ಕ ಕೂತ ಭಾನುವಾರ

ಟೈಲರಕ್ಕ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದ ದಿನ ತವರಿನವರು ಬಾಗಿಲು ಮುಚ್ಚಿದರು. ಚರ್ಚಿನವರು "ಇನ್ನು ನೀನು ನಮ್ಮ ಮನೆಮಗಳು" ಎಂದರು. ಆ ಮಾತು ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು ಟೈಲರಕ್ಕ ಪ್ರತಿ ಭಾನುವಾರ ಆರಾಧನೆ ಮುಗಿದೊಡನೆ ಎಲ್ಲರ ಚಹಾ ಲೋಟ ತೊಳೆಯುತ್ತಿದ್ದಳು. ಕೈ ಮುರಿದುಕೊಂಡ ವಾರ, ತನಗಿನ್ನು ಇಲ್ಲೇನು ಜಾಗವೆಂದು ಮೆಲ್ಲಗೆ ಎದ್ದು ಹೊರಟಳು.

ಪಾದ್ರಿಯ ಹೆಂಡತಿ ಸೆರಗು ಹಿಡಿದು ನಿಲ್ಲಿಸಿದರು. "ಎಲ್ಲಿಗೆ?"

"ಲೋಟ ತೊಳೆಯೋಕಾಗಲ್ಲ, ಅಮ್ಮಾ."

"ದೇವರು ನಿನ್ನನ್ನ ಮಗಳು ಅಂದಿದ್ದು ಲೋಟ ತೊಳೀಲಿ ಅಂತಲ್ಲ ಕಣೇ. ಕೂತ್ಕೋ." ಆಮೇಲೆ ಗಂಡನ ಕಡೆ ತಿರುಗಿದರು. "ರೀ, ಅಂಗಿ ತೋಳು ಮಡಚ್ಕೊಳ್ಳಿ."

ಸ್ವಲ್ಪ ಹೊತ್ತಿಗೆ ಪಾದ್ರಿ ಒಳಗಿನಿಂದ ಕೂಗಿದರು: "ಸೋಪು ಎಲ್ಲಿದೆ?"

ಟೈಲರಕ್ಕ ಏಳಹೋದಳು.

"ಹುಡುಕ್ಲಿ ಬಿಡು. ಅವರೂ ಇದೇ ಮನೆಯವರು ತಾನೇ?"

ಟೈಲರಕ್ಕ ಮತ್ತೆ ಕೂತು, ಮೊದಲ ಬಾರಿಗೆ ಎಲ್ಲರ ಜೊತೆ ಬಿಸಿ ಚಹಾ ಕುಡಿದಳು.